ಬೆರಳಚ್ಚು ಮಷಿನ್ ಆಮೇಲೆ, ಮೊದಲು ನಿಮ್ಮ 31 ಕಾಲಂ ನೋಡೋಣ

ಪ್ರಶ್ನೆ: ನಾನು ಪುಣೆಯ ಹಿಂಜವಡಿಯಲ್ಲಿ ಡೇಟಾಬೇಸ್ ಕೆಲಸ ಮಾಡುತ್ತೇನೆ. ಊರು ಬಾಗಲಕೋಟೆ ಕಡೆ. ಶನಿವಾರಗಳಲ್ಲಿ ಪುಣೆಯದೇ ಕೊಂಢವಾ ಬಡಾವಣೆಯ ಒಂದು ಸಣ್ಣ ಸಂಸ್ಥೆಗೆ ಹೋಗಿ ಕೈಜೋಡಿಸುತ್ತೇನೆ. ಅಫ್ಘಾನಿಸ್ತಾನ, ಯೆಮನ್, ಸುಡಾನ್ ಕಡೆಯ ಸುಮಾರು 200 ಕುಟುಂಬಗಳಿಗೆ ಅವರು ರೇಷನ್ ಕಿಟ್, ಶಾಲೆ ಫೀ, ಔಷಧಿಗೆ ನೆರವು ಕೊಡುತ್ತಾರೆ. ಎಲ್ಲರ ವಿವರ 31 ಕಾಲಂಗಳ ಒಂದು ಎಕ್ಸೆಲ್ ಶೀಟಿನಲ್ಲಿದೆ. ಅದು ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತದೆ. ಕೆಲವರು ಎರಡೆರಡು ಸಲ ಕಿಟ್ ಒಯ್ಯುತ್ತಾರೆ ಎಂದು ದೇಣಿಗೆ ಕೊಡುವವರು ತಕರಾರು ತೆಗೆದಿದ್ದಾರೆ. ಬೆರಳಚ್ಚು ಮಷಿನ್ ಕೊಂಡುಬಿಡೋಣ, ಸಾಫ್ಟ್‌ವೇರ್ ನೀವೇ ಬರೆದುಕೊಡಿ ಎಂದು ಒಬ್ಬ ಟ್ರಸ್ಟಿ ಹೇಳುತ್ತಿದ್ದಾರೆ. ವಿಶ್ವಸಂಸ್ಥೆಯವರು ಇದನ್ನು ಹೇಗೆ ಮಾಡುತ್ತಾರೆ? ನಾವು ಹೇಗೆ ಮಾಡಬೇಕು?

ಉತ್ತರ: ಮಷಿನ್ ಕೊಳ್ಳಬೇಡಿ. ಇಷ್ಟೇ ಹೇಳಿದರೆ ಟ್ರಸ್ಟಿ ಒಪ್ಪುವುದಿಲ್ಲ ಎಂದು ಗೊತ್ತು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ನಾನು ಹಲವು ವರ್ಷ ನಿರಾಶ್ರಿತರ ಶಿಬಿರಗಳಲ್ಲಿ ನೋಂದಣಿ ಡೇಟಾ ನೋಡಿಕೊಂಡವನು. ಈಗ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕೂತು ಸಂಸ್ಥೆಗಳಿಗೆ ಇದೇ ವಿಷಯದಲ್ಲಿ ತರಬೇತಿ ಕೊಡುತ್ತೇನೆ. ಮಷಿನ್ ಬೇಕು ಎಂದು ಬಂದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಶೀಟಿನ ಪ್ರತಿ ಕಾಲಂನಿಂದ ಆ ಕುಟುಂಬಕ್ಕೆ ಏನು ಸಿಗುತ್ತದೆ? ಉತ್ತರ ಇಲ್ಲದ ಕಾಲಂ ಅಲ್ಲಿ ಇರಬಾರದು. ನಿಮ್ಮ 31ರಲ್ಲಿ ಎಷ್ಟು ಉಳಿಯುತ್ತವೆ ಎಂದು ಕೊನೆಯ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ.

ಮೊದಲು ವಿಶ್ವಸಂಸ್ಥೆಯ ಪದ್ಧತಿ. ಅಲ್ಲಿ ಈ ಕೆಲಸ ಅದರ ನಿರಾಶ್ರಿತರ ಏಜೆನ್ಸಿಯದು, ಯುಎನ್‌ಎಚ್‌ಸಿಆರ್‌ನದು. ಒಂದೇ ವಾರದಲ್ಲಿ ಸಾವಿರಾರು ಜನ ಗಡಿ ದಾಟಿ ಬಂದುಬಿಟ್ಟರೆ ಮೊದಲ ದಿನ ಯಾರನ್ನೂ ಕೂರಿಸಿ ಕಥೆ ಕೇಳಲು ಆಗುವುದಿಲ್ಲ. ಮನೆಗೆ ಹಿರಿಯರು ಯಾರು, ಒಟ್ಟು ಎಷ್ಟು ಜನ, ಗಂಡೆಷ್ಟು ಹೆಣ್ಣೆಷ್ಟು, ಮಕ್ಕಳೆಷ್ಟು ವಯಸ್ಸಾದವರೆಷ್ಟು. ಇಷ್ಟು ಬರೆದುಕೊಂಡು ಕೈಗೊಂದು ಟೋಕನ್ ಕೊಡುತ್ತಾರೆ ಅಥವಾ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಾರೆ. ಊಟ, ಕಂಬಳಿ, ಟಾರ್ಪಾಲು ಎಲ್ಲ ಅದರ ಮೇಲೆಯೇ. ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳ ಮೇಲೆ ಒಬ್ಬೊಬ್ಬರ ನೋಂದಣಿ ಶುರುವಾಗುತ್ತದೆ. ಹೆಸರು, ತಂದೆ ತಾಯಿ ಹೆಸರು, ಬಿಟ್ಟು ಬಂದ ಊರು, ಭಾಷೆ, ಓದು, ಕಸುಬು, ಫೋಟೋ. ಜೊತೆಗೆ ಯಾರಿಗೆ ವಿಶೇಷ ನೆರವು ಬೇಕು ಎನ್ನುವ ಗುರುತು. ಹೆತ್ತವರಿಲ್ಲದೆ ಒಂಟಿಯಾಗಿ ಬಂದ ಮಗು, ಗರ್ಭಿಣಿ, ಅಂಗವಿಕಲರು, ಹಿಂಸೆ ಅನುಭವಿಸಿದವರು. ಒಂದೊಂದಕ್ಕೂ ಚಿಕ್ಕ ಕೋಡ್ ಇದೆ. ನೋಂದಣಿ ಮೇಜಿನವರು ಆ ಕೋಡ್ ಹಾಕಿದರೆ ಮಕ್ಕಳ ರಕ್ಷಣೆ ನೋಡಿಕೊಳ್ಳುವವರಿಗೋ ಆಸ್ಪತ್ರೆಯವರಿಗೋ ವಿಷಯ ಮುಟ್ಟಬೇಕು. ಅಂದರೆ ಅಲ್ಲಿ ಕಾಲಂ ಹಿಂದೆ ಒಬ್ಬ ಮನುಷ್ಯ ಕೆಲಸ ಮಾಡಲು ಕಾದಿರುತ್ತಾನೆ. ಕಾದಿರಬೇಕು ಎನ್ನುವುದು ಲೆಕ್ಕ. ಎಲ್ಲ ಕಡೆ ಹಾಗೇ ನಡೆಯುತ್ತದೆ ಎಂದು ನಾನು ಹೇಳಲಾರೆ.

ಈ ಮಾಹಿತಿ ಎಲ್ಲ ಹೋಗಿ ಸೇರುವುದು ಪ್ರೋಗ್ರೆಸ್ ಎಂಬ ಡೇಟಾಬೇಸಿಗೆ. ನಿಮ್ಮ ಎಕ್ಸೆಲ್‌ಗೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಗಾತ್ರದ್ದಲ್ಲ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪರದೆ ಕಾಣುತ್ತದೆ. ಅಕ್ಕಿ ಹಂಚುವವರಿಗೆ ಮನೆಯಲ್ಲಿ ಎಷ್ಟು ತಲೆ ಎಂದು ಕಂಡರೆ ಸಾಕು, ಅತ್ಯಾಚಾರದ ದೂರು ಕಾಣಬೇಕಿಲ್ಲ. ಯಾರು ಯಾವ ದಾಖಲೆ ತೆರೆದರು, ಏನು ತಿದ್ದಿದರು ಎಂಬ ಗುರುತೂ ಉಳಿಯುತ್ತದೆ. ಡೇಟಾಬೇಸ್ ಕೆಲಸದವರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಆದರೂ ಆಫೀಸಿನಲ್ಲಿ ಇದನ್ನೆಲ್ಲ ಕಟ್ಟುನಿಟ್ಟಾಗಿ ಪಾಲಿಸುವವರು ಶನಿವಾರ ಸೇವೆಗೆ ಬಂದಾಗ ಅದೇ ಶೀಟನ್ನು ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡುವುದನ್ನು ಬೇಕಾದಷ್ಟು ಕಂಡಿದ್ದೇನೆ. ಒಳ್ಳೆಯ ಕೆಲಸ ಎಂದಕೂಡಲೇ ಎಚ್ಚರ ಸಡಿಲವಾಗುತ್ತದೆ ಅಲ್ವಾ?

ಇನ್ನು ನಿಮ್ಮ ಟ್ರಸ್ಟಿಗೆ ಆಸೆ ಹುಟ್ಟಿಸಿದ ಭಾಗ. 2002ರಲ್ಲಿ ಪಾಕಿಸ್ತಾನದಿಂದ ಅಫ್ಘಾನರು ಊರಿಗೆ ಮರಳುತ್ತಿದ್ದರು. ಹಾಗೆ ಹೊರಟವರಿಗೆ ಯುಎನ್‌ಎಚ್‌ಸಿಆರ್ ದಾರಿಖರ್ಚಿಗೆ ಹಣ ಕೊಡುತ್ತಿತ್ತು. ಕೆಲವರು ಹಣ ತೆಗೆದುಕೊಂಡು ಮತ್ತೆ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಪೇಶಾವರದ ಹತ್ತಿರ ತಖ್ತಾ ಬೇಗ್ ಕೇಂದ್ರದಲ್ಲಿ ಕಣ್ಣಿನ ಐರಿಸ್ ಸ್ಕ್ಯಾನ್ ಶುರುವಾದದ್ದು ಇದನ್ನು ತಡೆಯಲು. ಅದರಲ್ಲಿ ಹೆಸರೇ ಇರುತ್ತಿರಲಿಲ್ಲ. ಈ ಕಣ್ಣು ಮೊದಲು ಬಂದಿತ್ತೋ ಇಲ್ಲವೋ, ಅಷ್ಟೇ ಪ್ರಶ್ನೆ. ಆಮೇಲೆ ಇದು ಬೆಳೆಯಿತು. ಬಿಮ್ಸ್ ಎಂಬ ಈಗಿನ ವ್ಯವಸ್ಥೆಯಲ್ಲಿ 5 ವರ್ಷ ದಾಟಿದವರ 10 ಬೆರಳು, 2 ಕಣ್ಣು ಎರಡನ್ನೂ ತೆಗೆದುಕೊಳ್ಳುತ್ತಾರೆ. ಜೋರ್ಡಾನ್‌ನಲ್ಲಿ ಸಿರಿಯಾದ ನಿರಾಶ್ರಿತರು ಕಾರ್ಡೇ ಇಲ್ಲದೆ ಎಟಿಎಂ ಮುಂದೆ ಕಣ್ಣು ತೋರಿಸಿ ಹಣ ತೆಗೆದರು. ಜಾತರಿ ಶಿಬಿರದ ಅಂಗಡಿಗಳಲ್ಲಿ ಕಣ್ಣು ತೋರಿಸಿ ಸಾಮಾನು ಕೊಂಡರು.

ನೋಡಲು ಚೆಂದ. ಕೆಲವು ಕಡೆ ನಿಜಕ್ಕೂ ಉಪಯೋಗವಾಗಿದೆ. ಉಗಾಂಡಾದಲ್ಲಿ ನಿರಾಶ್ರಿತರ ಸಂಖ್ಯೆಯನ್ನು ಹಿಗ್ಗಿಸಿ ತೋರಿಸಿದ್ದಾರೆ ಎಂಬ ಆರೋಪ ಬಂದಾಗ 2018ರಲ್ಲಿ ಬಿಮ್ಸ್ ಇಟ್ಟುಕೊಂಡು ದೇಶದಾದ್ಯಂತ ಮರುಪರಿಶೀಲನೆ ಮಾಡಿದರು. ಸುಮಾರು 14 ಲಕ್ಷ ಎಂದಿದ್ದ ಲೆಕ್ಕ ಸುಮಾರು 11 ಲಕ್ಷಕ್ಕೆ ಇಳಿಯಿತು. ಆ ಗದ್ದಲದಲ್ಲಿ ಆರೋಪ ಬಂದದ್ದು ಮುಖ್ಯವಾಗಿ ಲೆಕ್ಕ ಇಡುತ್ತಿದ್ದ ಅಧಿಕಾರಿಗಳ ಮೇಲೆ. ಎರಡು ಕಿಟ್ ಒಯ್ದ ತಾಯಿಯ ಮೇಲೆ ಗುಮಾನಿ ಪಡುವ ಮೊದಲು ದೇಣಿಗೆದಾರರಿಗೆ ಇದನ್ನು ಹೇಳಿ.

ನಿಮಗೆ ಇದು ಯಾಕೆ ಬೇಡ? ಮೊದಲನೆಯದು, ನಿಮ್ಮಲ್ಲಿರುವುದು 200 ಕುಟುಂಬ. ಕಿಟ್ ಹಂಚುವ ಅಕ್ಕ ಅವರಲ್ಲಿ ಹೆಚ್ಚಿನವರನ್ನು ಮುಖ ನೋಡಿ ಗುರುತಿಸುತ್ತಾರೆ. ಎರಡನೆಯದು, ಬೆರಳು ಎಲ್ಲರದೂ ಹತ್ತುವುದಿಲ್ಲ. ನಿಮ್ಮ ಕಡೆಯೇ ನ್ಯಾಯಬೆಲೆ ಅಂಗಡಿ ಮುಂದೆ ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಗಿ ಬರಿಗೈಲಿ ಮನೆಗೆ ಬಂದ ಅಜ್ಜಿಯರು ಇದ್ದಾರೆ. ಹೊಲದ ಕೆಲಸ, ಪಾತ್ರೆ ತಿಕ್ಕುವ ಕೆಲಸ, ಸಿಮೆಂಟಿನ ಕೆಲಸ ಮಾಡಿದ ಬೆರಳಲ್ಲಿ ಗೆರೆ ಸವೆದಿರುತ್ತದೆ. ಮಷಿನ್ ಇಟ್ಟ ದಿನವೇ ಹತ್ತದವರಿಗೆ ಏನು ದಾರಿ, ಅವರು ಯಾರ ಹತ್ತಿರ ದೂರು ಹೇಳಬೇಕು ಎಂಬ ಇನ್ನೊಂದು ವ್ಯವಸ್ಥೆಯೂ ಬೇಕು. ಅದಕ್ಕೆ ನಿಮ್ಮಲ್ಲಿ ಜನ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ವಿಶ್ವಸಂಸ್ಥೆಯ ಕಡತಗಳಿಗೆ 1946ರ ಒಂದು ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆ ಇದೆ. ಅವುಗಳನ್ನು ಯಾವ ದೇಶದ ಪೊಲೀಸರೂ ಜಪ್ತಿ ಮಾಡುವಂತಿಲ್ಲ. ನಿಮ್ಮ ಟ್ರಸ್ಟಿಯ ಲ್ಯಾಪ್‌ಟಾಪಿಗೆ ಅಂಥ ರಕ್ಷಣೆ ಏನಿದೆ?

ಅಷ್ಟು ರಕ್ಷಣೆ ಇದ್ದವರ ಕೈಯಲ್ಲೂ ಏನಾಗಿದೆ ನೋಡಿ. ಬಾಂಗ್ಲಾದೇಶದಲ್ಲಿ 2018ರಿಂದ ಸರ್ಕಾರ ಮತ್ತು ಯುಎನ್‌ಎಚ್‌ಸಿಆರ್ ಸೇರಿ ರೋಹಿಂಗ್ಯಾಗಳ ನೋಂದಣಿ ಮಾಡಿದರು, ಸ್ಮಾರ್ಟ್ ಕಾರ್ಡ್ ಕೊಟ್ಟರು. ಈ ಮಾಹಿತಿ ಮ್ಯಾನ್ಮಾರ್ ಕೈಗೆ ಹೋಗುತ್ತದೆ, ನಮ್ಮನ್ನು ಬಲವಂತವಾಗಿ ವಾಪಸ್ ಕಳಿಸುತ್ತಾರೆ ಎಂದು ಹೆದರಿ ಆ ನವೆಂಬರ್‌ನಲ್ಲಿ ಶಿಬಿರದ ಜನ ಮುಷ್ಕರ ಹೂಡಿದರು. 2021ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಹೊರಗೆ ತಂದ ವಿಷಯವೂ ಅದೇ: ಬಾಂಗ್ಲಾದೇಶ ಸರ್ಕಾರ 8 ಲಕ್ಷಕ್ಕೂ ಹೆಚ್ಚು ಜನರ ವಿವರವನ್ನು ಮ್ಯಾನ್ಮಾರ್‌ಗೆ ಕೊಟ್ಟಿತ್ತು. ಯಾರ ಕೈಯಿಂದ ಓಡಿ ಬಂದಿದ್ದರೋ ಅವರ ಕೈಗೇ. ನಾವು ಜನರಿಗೆ ಹೇಳಿ, ಒಪ್ಪಿಗೆ ಕೇಳಿಯೇ ಮಾಡಿದ್ದೇವೆ ಎಂದು ಯುಎನ್‌ಎಚ್‌ಸಿಆರ್ ಹೇಳಿತು. ಆದರೆ ರೇಷನ್ ಸಾಲಿನಲ್ಲಿ ನಿಂತವರ ಒಪ್ಪಿಗೆಗೆ ಎಷ್ಟು ಅರ್ಥ? ಬೇಡ ಅಂದರೆ ಅಕ್ಕಿ ಸಿಗುವುದಿಲ್ಲ ಎಂದು ಮನಸ್ಸಿನಲ್ಲಿ ಇದ್ದರೆ ಯಾರಾದರೂ ಹೂಂ ಅನ್ನುತ್ತಾರೆ.

ಕೀನ್ಯಾದ್ದು ಇನ್ನೊಂದು ಥರ. ಬರಗಾಲದಲ್ಲಿ ಅಲ್ಲಿಯದೇ ನಾಗರಿಕರು, ಸೋಮಾಲಿ ಭಾಷೆಯವರು, ಹೊಟ್ಟೆಪಾಡಿಗೆ ಶಿಬಿರಕ್ಕೆ ಹೋಗಿ ನಿರಾಶ್ರಿತರು ಎಂದು ಹೆಸರು ಬರೆಸಿದರು. ಬೆರಳಚ್ಚು ಕೊಟ್ಟರು. ವರ್ಷಗಳ ನಂತರ ಅವರು ಸ್ವಂತ ದೇಶದ ಗುರುತಿನ ಚೀಟಿ ಕೇಳಲು ಹೋದಾಗ ಕಂಪ್ಯೂಟರ್ ಇವರು ನಿರಾಶ್ರಿತರು ಎಂದಿತು. ಸಾವಿರಾರು ಜನ ಚೀಟಿ ಇಲ್ಲದೆ, ಕೆಲಸ ಇಲ್ಲದೆ ಅಲೆದರು. ಕೆಲವರನ್ನು ಚಿಕ್ಕ ಮಕ್ಕಳಿದ್ದಾಗ ಹೆತ್ತವರು ಬರೆಸಿದ್ದರು. ಒಂದು ಕಡೆ ಒಂದು ಕಾರಣಕ್ಕೆ ಬರೆಸಿದ ಬೆರಳು ಇನ್ನೊಂದು ಕಡೆ, ಬೇರೆಯದೇ ಪ್ರಶ್ನೆಗೆ ಉತ್ತರವಾಗಿ ಬಂದು ನಿಂತಿತು.

ಇನ್ನೂ ಒಂದು. 2022ರ ಜನವರಿಯಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಸರ್ವರ್‌ಗೆ ಕನ್ನ ಬಿದ್ದದ್ದು ಗೊತ್ತಾಯಿತು. 5 ಲಕ್ಷ 15 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ. ಯುದ್ಧದಲ್ಲಿ ಕಾಣೆಯಾದವರು, ಅವರನ್ನು ಹುಡುಕುವ ಮನೆಯವರು, ಜೈಲಿನಲ್ಲಿದ್ದವರು. 1914ರಿಂದಲೂ ಯುದ್ಧ ಕೈದಿಗಳ ಚೀಟಿ ಬರೆದಿಟ್ಟು ಮನೆಯವರಿಗೆ ಸುದ್ದಿ ಮುಟ್ಟಿಸಿದ ಸಂಸ್ಥೆ ಅದು, ಸುಮ್ನೆ ಉಡಾಫೆ ಮಾಡುವವರಲ್ಲ. ಬೆರಳಚ್ಚಿನ ವಿಷಯದಲ್ಲಿ ಅವರು 2019ರಲ್ಲೇ ಒಂದು ನೀತಿ ಮಾಡಿಕೊಂಡಿದ್ದರು. ನೆರವು ಹಂಚಲು ಬೆರಳಚ್ಚು ಬೇಕೇ ಬೇಕಾದರೆ ಅದು ಆ ವ್ಯಕ್ತಿಯ ಕೈಯಲ್ಲಿರುವ ಕಾರ್ಡಿನಲ್ಲಿ ಇರಲಿ, ನಮ್ಮ ಡೇಟಾಬೇಸಿನಲ್ಲಿ ಬೇಡ ಎಂಬ ದಾರಿ. ಬೇಡ ಅನ್ನಿಸಿದರೆ ಅವರು ಕಾರ್ಡನ್ನು ಮುರಿದು ಹಾಕಬಹುದು. ನನಗೆ ಕಂಡಂತೆ ಈ ಕ್ಷೇತ್ರದಲ್ಲಿ ಯಾರೇ ಮಾಡಿದ ಅತಿ ಜಾಣ ತೀರ್ಮಾನ ಅದು.

ಈಗ ನಿಮ್ಮ ಶೀಟಿಗೆ ಬರೋಣ. ನಿಮ್ಮ ಜನರಲ್ಲಿ ಎಲ್ಲರೂ ನಿರಾಶ್ರಿತರಲ್ಲ. ಪುಣೆಗೆ ಬಂದ ಅಫ್ಘಾನ್, ಯೆಮನ್, ಸುಡಾನ್‌ನವರಲ್ಲಿ ಬಹಳ ಜನ ವಿದ್ಯಾರ್ಥಿ ವೀಸಾದಲ್ಲಿ ಬಂದವರು. ಕಾಬೂಲ್ 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕೈಗೆ ಹೋದ ಮೇಲೆ ಓದು ಮುಗಿದರೂ ವಾಪಸ್ ಹೋಗಲು ದಾರಿ ಇಲ್ಲದವರು ಎಷ್ಟೋ ಇದ್ದಾರೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅದಕ್ಕಾಗಿ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಟಿಬೆಟ್‌ನವರನ್ನು, ಶ್ರೀಲಂಕಾದ ತಮಿಳರನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ನಮ್ಮ ಬೈಲಕುಪ್ಪೆ, ಮುಂಡಗೋಡದ ಟಿಬೆಟಿಯನ್ನರ ಕೈಯಲ್ಲಿರುವುದು ಸರ್ಕಾರದ ನೋಂದಣಿ ಪತ್ರ. ಅಫ್ಘಾನಿಸ್ತಾನ, ಸುಡಾನ್, ಯೆಮನ್‌ನಂಥ ಕಡೆಯವರು ದಿಲ್ಲಿಯ ಯುಎನ್‌ಎಚ್‌ಸಿಆರ್ ಕಚೇರಿಗೆ ಅರ್ಜಿ ಹಾಕುತ್ತಾರೆ. ವಿಚಾರಣೆ ಮುಗಿಯುವವರೆಗೆ ಒಂದು ಪ್ರಮಾಣಪತ್ರ, ಒಪ್ಪಿದ ಮೇಲೆ ನಿರಾಶ್ರಿತರ ಕಾರ್ಡ್.

ಆದ್ದರಿಂದ ನಿರಾಶ್ರಿತರೇ, ಹೌದು ಅಥವಾ ಇಲ್ಲ, ಎಂಬ ಕಾಲಂ ನಿಮ್ಮಲ್ಲಿದ್ದರೆ ಇವತ್ತೇ ತೆಗೆಯಿರಿ. ಅದನ್ನು ತೀರ್ಮಾನಿಸುವವರು ನೀವಲ್ಲ. ವಿದ್ಯಾರ್ಥಿ ವೀಸಾದ ಹುಡುಗನೊಬ್ಬನ ಹೆಸರಿನ ಮುಂದೆ ನಿಮ್ಮ ಸ್ವಯಂಸೇವಕರು ಕನಿಕರದಿಂದ ನಿರಾಶ್ರಿತ ಎಂದು ಬರೆದಿರುತ್ತಾರೆ. ಆ ಶೀಟು ಎಲ್ಲೋ ಸೋರಿ ಅವನ ವೀಸಾ ನವೀಕರಣಕ್ಕೆ ಅಡ್ಡ ಬಂದರೆ? ಅವನ ಊರಿನ ರಾಯಭಾರ ಕಚೇರಿಯ ಕೈಗೆ ಸಿಕ್ಕು, ಅಲ್ಲಿರುವ ಅಪ್ಪನನ್ನು ಯಾರಾದರೂ ಕರೆದು ಕೇಳಿದರೆ? ಹಾಗೆಯೇ ಊರು ಯಾಕೆ ಬಿಟ್ಟಿರಿ ಎಂಬ ಕಾಲಂ. ರೇಷನ್ ಕಿಟ್‌ಗೂ ಅದಕ್ಕೂ ಏನು ಸಂಬಂಧ? ಜನ ಕಥೆ ಹೇಳಿಕೊಂಡರೆ ಕೇಳಿ, ಬರೆದಿಡಬೇಡಿ. ಧರ್ಮ, ಪಂಗಡದ ಕಾಲಂ ಕೂಡ ಹಾಗೇ. ಅಫ್ಘಾನಿಸ್ತಾನದ ಅಲ್ಪಸಂಖ್ಯಾತರಾದ ಹಜಾರಾಗಳಿಗೆ ತಮ್ಮ ಪಂಗಡದ ಹೆಸರೇ ಅಪಾಯ ಆದ ಜಾಗದಿಂದ ಅವರು ಬಂದಿರುತ್ತಾರೆ.

ಒಂದೇ ಮನೆ ಎರಡು ಸಲ ಬರುವುದಕ್ಕೆ ಮೋಸ ಕಾರಣ ಎಂದು ದೇಣಿಗೆದಾರರು ಅಂದುಕೊಂಡಿದ್ದಾರೆ. ನಾನು ಕಂಡಿದ್ದರಲ್ಲಿ ಜಾಸ್ತಿ ಸಲ ಕಾರಣ ಹೆಸರು. ನಮ್ಮದೇ ತೆಗೆದುಕೊಳ್ಳಿ. ಮೈಸೂರು ಕಡೆಯ ಮಂಜುನಾಥ ಅಲ್ಲಿ ಕೆ. ಆರ್. ಮಂಜುನಾಥ. ಮುಂಬೈಗೆ ಬಂದಾಗ ಬ್ಯಾಂಕಿನವರು ಸರ್‌ನೇಮ್ ಕೇಳುತ್ತಾರೆ. ಅವರಿಗೆ ಅಡ್ಡಹೆಸರೇ ಇಲ್ಲ. ಊರ ಹೆಸರೋ ಅಪ್ಪನ ಹೆಸರೋ ಕೊಟ್ಟು ಪಾರಾಗುತ್ತಾರೆ. ಗ್ಯಾಸ್ ಏಜೆನ್ಸಿಯಲ್ಲಿ ಇನ್ನೊಂದು ಥರ, ಮಕ್ಕಳ ಶಾಲೆಯಲ್ಲಿ ಮತ್ತೊಂದು ಥರ. ನಿಮ್ಮ ಬಾಗಲಕೋಟೆಯವರಿಗೆ ಅಡ್ಡಹೆಸರು ಇರುವುದರಿಂದ ಈ ಫಜೀತಿ ಕಡಿಮೆ. ಅಫ್ಘಾನರಲ್ಲಿ ಬಹಳ ಜನರದು ಮಂಜುನಾಥರ ಪಾಡು. ಅವರ ದೇಶದ ಗುರುತಿನ ಪತ್ರವಾದ ತಜ್ಕಿರಾದಲ್ಲಿ ಇರುವುದು ಸ್ವಂತ ಹೆಸರು, ತಂದೆ ಹೆಸರು, ಅಜ್ಜನ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಕುಟುಂಬದ ಹೆಸರೊಂದನ್ನು ಆರಿಸಿಕೊಂಡಿರುತ್ತಾರೆ, ಅಣ್ಣ ಒಂದು ತಮ್ಮ ಇನ್ನೊಂದು. ಅದರ ಮೇಲೆ ಒಬ್ಬ ಸ್ವಯಂಸೇವಕ ಮೊಹಮ್ಮದ್ ಎಂದು ಬರೆದದ್ದನ್ನು ಇನ್ನೊಬ್ಬರು ಮುಹಮ್ಮದ್ ಎಂದು ಬರೆದಿರುತ್ತಾರೆ, ಮತ್ತೊಬ್ಬರು ಎಂಡಿ ಎಂದು ಮುಗಿಸಿರುತ್ತಾರೆ. ಶೀಟಿನಲ್ಲಿ ಮೂರು ಜನ, ಮನೆಯಲ್ಲಿ ಒಬ್ಬನೇ.

ಹುಟ್ಟಿದ ದಿನದ್ದು ಇನ್ನೂ ಗೋಜಲು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದು ಅರ್ಧ ಊರಿಗೆ ಒಂದೇ ಹುಟ್ಟುಹಬ್ಬ ಮಾಡಿಟ್ಟಿದ್ದಾರೆ. ನಿರಾಶ್ರಿತರ ಲೋಕದಲ್ಲಿ ಅದು ಜನವರಿ 1. ದಿನ ಗೊತ್ತಿಲ್ಲದವರಿಗೆಲ್ಲ ಕಚೇರಿಗಳು ಅದನ್ನೇ ಹಾಕುತ್ತವೆ. ಅಫ್ಘಾನರ ಹಳೆಯ ಕಾಗದದ ತಜ್ಕಿರಾದಲ್ಲಿ ಹುಟ್ಟಿದ ದಿನದ ಬದಲು 1380ರಲ್ಲಿ ಇವನಿಗೆ 10 ವರ್ಷ ಎನ್ನುವ ಥರ ಬರೆದಿರುತ್ತದೆ. ಅದು ಅವರ ಸೌರ ಹಿಜರಿ ಪಂಚಾಂಗ, ಹೊಸ ವರ್ಷ ಮಾರ್ಚ್‌ನಲ್ಲಿ. ನಮ್ಮ ಇಸವಿಗೆ ತರಲು ಒಬ್ಬರು 621 ಕೂಡಿಸುತ್ತಾರೆ, ಇನ್ನೊಬ್ಬರು 622. ಒಂದೇ ಹುಡುಗನಿಗೆ ಎರಡು ವಯಸ್ಸು. ಹೆಸರು ಮತ್ತು ಹುಟ್ಟಿದ ದಿನ ಸೇರಿಸಿ ಡೂಪ್ಲಿಕೇಟ್ ಹುಡುಕುವ ಕೋಡ್ ಬರೆದರೆ, ಒಂದೇ ಮನುಷ್ಯ ಎರಡಾಗಿ ಕಾಣುತ್ತಾನೆ. ಜನವರಿ 1ರ ಇಬ್ಬರು ಬೇರೆ ಬೇರೆ ಅಹಮದ್‌ಗಳು ಒಂದಾಗಿ ಒಬ್ಬರ ಕಿಟ್ ತಪ್ಪುತ್ತದೆ. ನನಗೆ ಎರಡನೆಯದೇ ಜಾಸ್ತಿ ಭಯ. ಎರಡು ಕಿಟ್ ಒಯ್ದವರು ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ. ಕಿಟ್ ತಪ್ಪಿದವರು ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಸುಮ್ಮನೆ ಮನೆಗೆ ಹೋಗಿರುತ್ತಾರೆ.

ಮನೆ ಎಂದರೆ ಏನು ಎಂದೂ ನೀವು ತೀರ್ಮಾನಿಸಿರಬೇಕು. ನೋಂದಣಿಯಲ್ಲಿ ಸಾಮಾನ್ಯವಾಗಿ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಒಂದು ಮನೆ ಎಂದು ಹಿಡಿಯುತ್ತೇವೆ. ಮುಂಬೈ ಚಾಳಿನಲ್ಲಿ ಇದ್ದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಖೋಲಿ ಒಂದೇ, ಒಲೆ ಎರಡು ಇರಬಹುದು. ಅಣ್ಣ ತಮ್ಮ ಒಂದೇ ಫ್ಲ್ಯಾಟಿನಲ್ಲಿದ್ದು ಬೇರೆ ಬೇರೆ ಬೇಯಿಸಿಕೊಂಡರೆ ಎರಡು ಕಿಟ್ ಕೊಡುವುದು ಸರಿಯೇ. ದೇಣಿಗೆದಾರರು ಒಂದೇ ವಿಳಾಸ ನೋಡಿ ಮೋಸ ಎಂದಿರಬಹುದು. ಗಂಡನ ಹೊಡೆತ ತಾಳದೆ ಬೇರೆ ಇರುವ ಹೆಂಗಸು ಪ್ರತ್ಯೇಕ ಹೆಸರು ಬರೆಸಲು ಬಂದರೆ ಅದನ್ನೂ ಡೂಪ್ಲಿಕೇಟ್ ಎಂದು ತಳ್ಳಿಹಾಕುವವರಿದ್ದಾರೆ. ಅಂಥ ದಾಖಲೆ ಗಂಡನ ಕಣ್ಣಿಗೆ ಬೀಳದ ಹಾಗೆ ಇರಬೇಕು. ಅವಳ ಹೊಸ ವಿಳಾಸ ವಾಟ್ಸಾಪ್ ಗ್ರೂಪಿನಲ್ಲಿದ್ದರೆ ಅವನಿಗೆ ತಲುಪಲು ಎಷ್ಟು ಹೊತ್ತು ಬೇಕು?

ನಾನಿರುವ ಡೊಂಬಿವಲಿಯಿಂದ ಕಲ್ಯಾಣ ದಾಟಿದರೆ ಎರಡನೇ ಸ್ಟೇಷನ್ ಉಲ್ಲಾಸನಗರ. ಯುದ್ಧಕಾಲದ ಮಿಲಿಟರಿ ಶಿಬಿರ, ದೇಶ ಒಡೆದ ಮೇಲೆ ಸಿಂಧಿ ನಿರಾಶ್ರಿತರ ಊರಾಯಿತು. 1949ರಲ್ಲಿ ಈ ಹೆಸರು ಬಂತು. ಇವತ್ತಿಗೂ ಅಲ್ಲಿ ವಿಳಾಸ ಹೇಳುವುದು ಕ್ಯಾಂಪ್ ನಂಬರ್, ಬ್ಯಾರಕ್ ನಂಬರ್ ಹಿಡಿದು. ನಿಮ್ಮ ಪುಣೆಯ ಪಿಂಪ್ರಿ ಕ್ಯಾಂಪ್ ಕೂಡ ಅದೇ ಕಾಲದ್ದು. ತಾತ್ಕಾಲಿಕ ಎಂದು ಕೊಟ್ಟ ನಂಬರು ಮೊಮ್ಮಕ್ಕಳ ಆಧಾರ್ ಕಾರ್ಡಿನವರೆಗೂ ಬರುತ್ತದೆ. ನೀವು ಈಗ ಅವಸರದಲ್ಲಿ ಬರೆದುಕೊಳ್ಳುವ ತಪ್ಪು ಕಾಗುಣಿತವೂ ಶಾಲೆಯ ಫೀ ರಸೀದಿಗೆ, ಅಲ್ಲಿಂದ ಟಿಸಿಗೆ ಹೋಗುತ್ತದೆ. ಆದ್ದರಿಂದ ಹೆಸರನ್ನು ಬರೆದ ಮೇಲೆ ಅವರಿಗೇ ತೋರಿಸಿ, ಓದಿಸಿ. ಪಾಸ್‌ಪೋರ್ಟ್ ಇದ್ದರೆ ಅದರಲ್ಲಿರುವಂತೆಯೇ, ಒಂದು ಅಕ್ಷರ ಬಿಡದೆ.

ಏನು ಮಾಡಬೇಕು ಎಂದು ಕೇಳಿದಿರಿ. ಒಂದು ಶೀಟನ್ನು ಎರಡು ಮಾಡಿ. ಒಂದರಲ್ಲಿ ನೀವೇ ಕೊಟ್ಟ ಕುಟುಂಬ ನಂಬರ್, ಹೆಸರು, ಫೋನ್, ವಿಳಾಸ. ಇನ್ನೊಂದರಲ್ಲಿ ಅದೇ ನಂಬರ್, ಮನೆಯಲ್ಲಿ ಎಷ್ಟು ಜನ, ಯಾವ ತಿಂಗಳು ಕಿಟ್ ಒಯ್ದರು, ಯಾವ ಮಗುವಿಗೆ ಫೀ ಕಟ್ಟಿದಿರಿ. ಹಂಚುವ ದಿನ ಮೇಜಿನ ಮೇಲೆ ಎರಡನೆಯದು ಮಾತ್ರ ಇರಲಿ. ನಂಬರ್ ಯಾವುದೇ ಆಗಲಿ, ಅದರಲ್ಲಿ ಅರ್ಥ ಇರಬಾರದು. ಎಎಫ್‌ಜಿ 045 ಎಂದು ಕೊಟ್ಟರೆ ದೇಶ ಬಯಲಾಯಿತು. ಆಧಾರ್ ನಂಬರನ್ನೋ ಪಾಸ್‌ಪೋರ್ಟ್ ನಂಬರನ್ನೋ ಕುಟುಂಬ ನಂಬರ್ ಮಾಡಿಕೊಳ್ಳಲೇಬೇಡಿ. ಕುಟುಂಬಕ್ಕೆ ನಂಬರ್ ಇರುವ ಒಂದು ಸಾದಾ ಕಾರ್ಡ್ ಕೊಡಿ, ಹೆಸರು ಬೇಡ, ಕಿಟ್ ಒಯ್ದಾಗ ತಿಂಗಳಿಗೊಂದು ತೂತು ಹೊಡೆಯಿರಿ. ಕಾರ್ಡ್ ಕಳೆದರೆ ಫೋನ್ ನಂಬರಿನ ಕೊನೆಯ 4 ಅಂಕಿ ಕೇಳಿ ಹೊಸದು ಕೊಡಿ. 200 ಮನೆಗೆ ಇದು ಧಾರಾಳ ಸಾಕು. ನಿಮ್ಮ ಎರಡು ಸಲದ ತಕರಾರು ಇಷ್ಟರಲ್ಲೇ ಮುಕ್ಕಾಲು ಮುಗಿಯುತ್ತದೆ.

ಪಾಸ್‌ಪೋರ್ಟ್, ವೀಸಾದ ಜೆರಾಕ್ಸ್ ಇಟ್ಟುಕೊಳ್ಳುವ ಚಟ ಬಿಡಿ. ನೋಡಿ, ಸರಿ ಇದೆ ಎಂದು ಟಿಕ್ ಹಾಕಿ, ವಾಪಸ್ ಕೊಡಿ. ಜೆರಾಕ್ಸ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸಿ ಪ್ರಿಂಟ್ ತೆಗೆಸಿದ ಪಾಸ್‌ಪೋರ್ಟ್ ಆ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಮಕ್ಕಳ ಫೋಟೋ ದೇಣಿಗೆ ವರದಿಗೆ ಬೇಕು ಎಂದು ಕೇಳಿದರೆ ಇಲ್ಲ ಅನ್ನಿ. ವರದಿಗೆ ಸಂಖ್ಯೆ ಸಾಕು. ಸಂಖ್ಯೆಯಲ್ಲೂ ಎಚ್ಚರ ಇರಲಿ. ಕೊಂಢವಾ, ಸುಡಾನ್, ವಿಧವೆ, ಮೂವರು ಮಕ್ಕಳು, ಒಟ್ಟು 1 ಎಂದು ಪಟ್ಟಿಯಲ್ಲಿ ಬರೆದರೆ ಹೆಸರು ಬರೆದ ಹಾಗೇ. ಐದಕ್ಕಿಂತ ಕಡಿಮೆ ಇರುವ ಗುಂಪುಗಳನ್ನು ಒಟ್ಟುಗೂಡಿಸಿ ಬರೆಯಿರಿ.

ಪೊಲೀಸರೋ ಬೇರೆ ಇಲಾಖೆಯವರೋ ಪಟ್ಟಿ ಕೇಳಿದರೆ ಏನು? ಹೆದರಬೇಡಿ, ಹಾಗಂತ ಫೋನಿನಲ್ಲೇ ಕಳಿಸಿಬಿಡಲೂಬೇಡಿ. ವಿದೇಶಿಯರ ನೋಂದಣಿಗೆ ಸರ್ಕಾರದ್ದೇ ದಾರಿ ಇದೆ. ಬಾಡಿಗೆಗೆ ಮನೆ ಕೊಟ್ಟವರು ತಮ್ಮಲ್ಲಿರುವ ವಿದೇಶಿಯರ ವಿವರ ಕೊಡಬೇಕು, ವಿದ್ಯಾರ್ಥಿಗಳ ವಿವರ ಕಾಲೇಜು ಕೊಡಬೇಕು. ಅದು ಅವರವರ ಕೆಲಸ. ನಿಮ್ಮನ್ನು ಕೇಳಿದರೆ ಯಾವ ಕಾನೂನಿನಡಿ, ಯಾರ ಬಗ್ಗೆ ಎಂದು ಬರವಣಿಗೆಯಲ್ಲಿ ಕೇಳಿ, ವಕೀಲರಿಗೆ ತೋರಿಸಿ, ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡಿ. ಈ ಮಾತು ಟ್ರಸ್ಟಿಗಳ ಸಭೆಯಲ್ಲಿ ಮೊದಲೇ ತೀರ್ಮಾನವಾಗಿ ಬರೆದಿರಲಿ. ಬಾಗಿಲಲ್ಲಿ ಜೀಪು ನಿಂತಾಗ ಶನಿವಾರದ ಸ್ವಯಂಸೇವಕಿ ಒಬ್ಬಳೇ ಯೋಚಿಸುವ ಹಾಗೆ ಆಗಬಾರದು.

ಕಾನೂನಿನ ಮಾತು ಬಂತಲ್ಲ, 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ನಾಗರಿಕರಿಗೆ ಮಾತ್ರ ಎಂದು ಕೆಲವರು ತಿಳಿದಿದ್ದಾರೆ. ಅದರಲ್ಲಿ ಹಾಗೆ ಹೇಳಿಲ್ಲ. ಭಾರತದೊಳಗೆ ಡಿಜಿಟಲ್ ಆಗಿ ಇಟ್ಟ ಯಾರ ಮಾಹಿತಿಗೂ ಅನ್ವಯ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಹೊಣೆಗಳು ಹಂತ ಹಂತವಾಗಿ ಜಾರಿಗೆ ಬರುತ್ತವೆ. 18 ತುಂಬದವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು. ಯಾವ ಮಾಹಿತಿ, ಯಾಕೆ ಎಂಬ ತಿಳಿವಳಿಕೆ ಪತ್ರವನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಓದುವ ಅವಕಾಶ ಇರಬೇಕು ಎನ್ನುತ್ತದೆ ಕಾಯ್ದೆ. ಆ 22ರಲ್ಲಿ ಅಫ್ಘಾನರು ಆಡುವ ದರಿ ಭಾಷೆಯೂ ಇಲ್ಲ, ಅರಬ್ಬಿಯೂ ಇಲ್ಲ. ಅಷ್ಟಕ್ಕೇ ನಿಲ್ಲಬೇಡಿ. ನಿಮ್ಮಲ್ಲಿಗೆ ಬರುವ ಹುಡುಗರಲ್ಲೇ ಯಾರಾದರೂ ದರಿ, ಅರಬ್ಬಿಯಲ್ಲಿ ಅರ್ಧ ಪುಟ ಬರೆದುಕೊಡುತ್ತಾರೆ. ಓದಲು ಬಾರದವರಿಗೆ ಓದಿ ಹೇಳಿ. ಅದರಲ್ಲಿ ಒಂದು ಸಾಲು ಇರಲೇಬೇಕು: ಫೋನ್ ನಂಬರ್ ಕೊಡಲು ಇಷ್ಟ ಇಲ್ಲದಿದ್ದರೂ ಕಿಟ್ ಸಿಗುತ್ತದೆ.

ಸಾಫ್ಟ್‌ವೇರ್ ಬರೆಯುವ ಉತ್ಸಾಹ ನಿಮಗೆ ಇದ್ದೇ ಇರುತ್ತದೆ, ಅರ್ಥವಾಗುತ್ತದೆ. ನೀವು ಒಂದು ದಿನ ಕೆಲಸ ಬದಲಿಸಿ ಬೆಂಗಳೂರಿಗೆ ಹೋಗುತ್ತೀರಿ, ಆಮೇಲೆ ಅದನ್ನು ನೋಡುವವರಿಲ್ಲ. ಪಾಸ್‌ವರ್ಡ್ ಹಾಕಿದ ಎರಡು ಫೈಲು, ಅವುಗಳನ್ನು ತೆರೆಯಲು ಇಬ್ಬರೇ ಜನ, ಸದ್ಯಕ್ಕೆ ಇಷ್ಟು ಸಾಕು. ಮನೆಮನೆಗೆ ಹೋಗಿ ಫೋನಿನಲ್ಲಿ ತುಂಬಬೇಕಾದರೆ ಕೋಬೊ ಟೂಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಇದೆ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಬಹಳ ನೆರವು ಸಂಸ್ಥೆಗಳು ಅದನ್ನೇ ಬಳಸುತ್ತವೆ.

ಅದಕ್ಕೂ ಮೊದಲು ಹಳೆಯ ಶೀಟನ್ನು ಅಳಿಸುವ ಕೆಲಸ ಇದೆ, ಅದೇ ತಲೆನೋವು. ವಾಟ್ಸಾಪ್‌ನಲ್ಲಿ ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯ ಹಳೆಯ ಸಂದೇಶಗಳಿಗೆ ನಡೆಯುವುದಿಲ್ಲ. ಗ್ರೂಪಿನಲ್ಲಿರುವ ಒಬ್ಬೊಬ್ಬರನ್ನೂ ಮುಂದೆ ಕೂರಿಸಿಕೊಂಡು ಅವರವರ ಫೋನಿನಿಂದ ತೆಗೆಸಬೇಕು. ಫೋನಿನ ಫೈಲ್ ಫೋಲ್ಡರ್, ಗೂಗಲ್ ಫೋಟೋಸ್, ಜಿಮೇಲ್‌ನ ಕಳಿಸಿದ ಪತ್ರಗಳು, ಡ್ರೈವ್‌ನ ಕಸದಬುಟ್ಟಿ, ಪೆನ್‌ಡ್ರೈವ್, ಎಲ್ಲವನ್ನೂ ನೋಡಿ. ಬಿಟ್ಟುಹೋದ ಸ್ವಯಂಸೇವಕರಿಗೂ ಫೋನ್ ಮಾಡಿ. ಎರಡು ಶನಿವಾರ ಇದಕ್ಕೇ ಹೋಗಬಹುದು, ಹೋಗಲಿ. ಅದು ಮುಗಿದ ಮೇಲೆ ಹೊಸ ಶೀಟಿನ ಕಾಲಂಗಳ ತಲೆಬರಹ ಮಾತ್ರ ನನಗೆ ಕಳಿಸಿ, ಒಂದೂ ಹೆಸರು ತುಂಬದೆ. ಯಾವುದನ್ನು ಇನ್ನೂ ತೆಗೆಯಬಹುದು ಎಂದು ನೋಡಿ ಹೇಳುತ್ತೇನೆ.